ಮೂರನೆಯವರ ಭಾರ

ಜಯಲಕ್ಷ್ಮಿಪುರಂ, ಮೈಸೂರು
೪ ಆಗಸ್ಟ್ ೨೦೨೫

ಯೋಗೇಂದ್ರ ಅವರಿಗೆ,

ಕಳೆದ ಜುಲೈ ಹದಿಮೂರರ ಭಾನುವಾರ, ಬೆಳಿಗ್ಗೆ ಹನ್ನೊಂದೂಕಾಲಿಗೆ, ನಮ್ಮ ಹಿನ್ನೀರಿನ ಮೇಲೆ ಒಂದು ಅನ್ಯಾಯ ನಡೆಯಿತು. ಹಾಯಿದೋಣಿ ಸಂಘದ ಕ್ಯಾಟಮರಾನ್ ಎಂಬ ಜೋಡಿ ಒಡಲಿನ ದೋಣಿಯ ಹಾಯಿಕಂಬವನ್ನು ಬಲಬದಿಯಿಂದ ಎಳೆದು ಹಿಡಿದಿದ್ದ ತಂತಿ ತುಂಡಾಯಿತು. ಕಂಬ ಎಡಕ್ಕೆ ಉರುಳಿತು. ಅದೇ ಕಂಬದಿಂದ ಇಳಿಬಿಟ್ಟ ಇನ್ನೊಂದು ತಂತಿಗೆ ಸೊಂಟ ಸಿಕ್ಕಿಸಿಕೊಂಡು ದೋಣಿಯಿಂದಾಚೆ ವಾಲಿ ನಿಂತಿದ್ದ ವರ್ಷಿಣಿಯನ್ನು ಅದು ತನ್ನ ಜೊತೆಗೇ ಎಳೆದು ದೋಣಿಯ ಅಂಚಿಗೆ ಬಡಿಯಿತು. ಅವಳಿಗೆ ಇಪ್ಪತ್ತು ವರ್ಷ. ಭುಜದ ನರಗಳು ಹರಿದಿವೆ. ಬಲಗೈ ಮೇಲೆ ಏಳುವುದಿಲ್ಲ, ಇನ್ನು ಏಳುವುದು ಅನುಮಾನ ಎಂದು ಡಾಕ್ಟರು ಹೇಳಿದ್ದಾರೆ.

ಆ ತಂತಿ ಮಂಡಿ ಮೊಹಲ್ಲಾದ ನಿಮ್ಮ ಅಂಗಡಿಯಲ್ಲಿ ಆದದ್ದು. ಆಟೋಗಳ ಕ್ಲಚ್ ಕೇಬಲ್ ಮಾಡುವ ಅಂಗಡಿಯಲ್ಲಿ ದೋಣಿಯ ತಂತಿ ಮಾಡಿಸಬಹುದು ಎಂದು ಸಂಘದವರಿಗೆ ಹೇಳಿದವಳು ನಾನೇ. ನನ್ನ ಲೈಬ್ರರಿಗೆ ಹತ್ತು ವರ್ಷ ಸಂಜೆ ಹೊತ್ತು ಬಂದು, ಯಂತ್ರಗಳ ಪುಸ್ತಕವನ್ನೆಲ್ಲ ಓದಿ ಮುಗಿಸಿದ ಮನುಷ್ಯ, ಅವನ ಕೆಲಸ ಪಕ್ಕಾ ಎಂದು ಹೇಳಿದ್ದೆ. ಈಗ ಸಂಘದ ತನಿಖಾ ಸಮಿತಿ ತಂತಿಯ ತುದಿಯಲ್ಲಿ ನೀವು ಒತ್ತಿದ ಕುಣಿಕೆಯೇ ಕಿತ್ತು ಬಂತು ಎನ್ನುತ್ತಿದೆ. ಅಪಘಾತವಾಗಿ ಹತ್ತು ದಿನಕ್ಕೆ ನೀವು ಅಂಗಡಿಗೆ ಬೀಗ ಹಾಕಿ ಗೋವಾಕ್ಕೆ ಹೋದಿರಿ. ಫೋನು ತೆಗೆಯುವುದಿಲ್ಲ. ಈ ವಿಳಾಸವನ್ನು ನಿಮ್ಮ ತಾಯಿ ಮಾದೇವಮ್ಮನವರಿಂದ ಬಲವಂತವಾಗಿ ಪಡೆದಿದ್ದೇನೆ.

ನನಗೆ ಜ್ಞಾಪಕಶಕ್ತಿ ಜಾಸ್ತಿ. ೨೦೧೯ರಲ್ಲಿ ಆ ಸಂಘ ಇಂಗ್ಲಿಷ್ ಬಲ್ಲ ಮನೆಗಳ ಮಕ್ಕಳಿಗೆ ಮಾತ್ರ ದೋಣಿ ಕಲಿಸುತ್ತಿದ್ದಾಗ, ನೀರು ನಮ್ಮೆಲ್ಲರದು, ಕುಂಬಾರಕೊಪ್ಪಲಿನ ಮಕ್ಕಳಿಗೂ ಕಲಿಸಿ ಎಂದು ಪತ್ರಿಕೆಗಳಿಗೆ ಏಳು ಪತ್ರ ಬರೆದೆ. ಕೊನೆಗೆ ಕನ್ನಡದಲ್ಲಿ ಕೈಪಿಡಿ ಬರೆದುಕೊಡಿ ಎಂದು ನನ್ನನ್ನೇ ಕೇಳಿದರು, ಬರೆದುಕೊಟ್ಟೆ. ಹಾಗೆ ಬಂದ ಮೊದಲ ಹುಡುಗಿ ವರ್ಷಿಣಿ. ಆದ್ದರಿಂದ ಈ ಪ್ರಶ್ನೆ ಕೇಳುವ ಹಕ್ಕು ನನಗಿದೆ: ಯಾವ ತಂತಿ ಹಾಕಿದಿರಿ? ಕುಣಿಕೆ ಒತ್ತಿದ ಮೇಲೆ ಎಳೆದು ಪರೀಕ್ಷಿಸಿದಿರಾ? ತಪ್ಪಿಲ್ಲದಿದ್ದರೆ ಓಡಿಹೋದದ್ದು ಏಕೆ?

ಉತ್ತರ ಬರಹದಲ್ಲಿ ಬೇಕು.

ಗಿರಿಜಾಂಬಾ


ವಾಸ್ಕೋ, ಗೋವಾ
೧೬ ಆಗಸ್ಟ್ ೨೦೨೫

ಗಿರಿಜಾಂಬಾ ಮೇಡಂ ಅವರಿಗೆ ನಮಸ್ಕಾರ.

ನಿಮ್ಮ ಕಾಗದ ಬಂತು. ಇಷ್ಟು ವರ್ಷದಲ್ಲಿ ನೀವು ನನ್ನನ್ನು 'ನೀವು' ಅಂದದ್ದು ಇದೇ ಮೊದಲು. ಎರಡು ಸಲ ಓದಿದ ಮೇಲೆ ಅದು ನನಗೇ ಬರೆದದ್ದು ಅಂತ ಗೊತ್ತಾಯಿತು.

ಸಂಘದವರು ಹೇಳಿದ ತಂತಿಯನ್ನೇ ಹಾಕಿದೆ, ತುಕ್ಕು ಹಿಡಿಯದ ಉಕ್ಕು, ನಾಲ್ಕು ಮಿಲಿಮೀಟರ್. ಒತ್ತಿದ ಮೇಲೆ ಅಂಗಡಿಯ ತೊಲೆಗೆ ಕಟ್ಟಿ, ಕೆಳಗೆ ಲಾರಿಯ ಎರಡು ಚಕ್ರ ತೂಗುಹಾಕಿ ಒಂದು ರಾತ್ರಿ ಬಿಟ್ಟಿದ್ದೆ. ಕೂದಲೆಳೆಯಷ್ಟೂ ಜಾರಲಿಲ್ಲ. ಆದರೂ ತಪ್ಪು ನನ್ನದೇ ಅಂತ ಬರೆದುಕೊಳ್ಳಿ. ತಂತಿ ವಿಷಯಕ್ಕಲ್ಲ. ಆ ದಿನ ದೋಣಿಯನ್ನು ದಡದಲ್ಲಿ ಹಿಡಿದುಕೊಂಡು ನಿಂತಿದ್ದವನು ನಾನು. ಯಾರು ಯಾರು ಹತ್ತಬೇಕು ಅಂತ ಹೇಳಿದವನೂ ನಾನೇ.

ಓಡಿಹೋಗಲಿಲ್ಲ ಮೇಡಂ. ಅಂಗಡಿ ಮುಂದೆ ಆಟೋ ನಿಲ್ಲುವುದು ನಿಂತುಹೋಯಿತು. "ಕಂಬ ಬೀಳ್ಸೋ ಅಂಗ್ಡಿ ಕಣೋ, ನಿನ್ ಬ್ರೇಕ್ ಎಂಗ್ ಹಿಡೀತದೆ" ಅಂತ ಸ್ಟ್ಯಾಂಡಿನಲ್ಲಿ ಮಾತಾಡಿಕೊಂಡು ನಗುತ್ತಿದ್ದರು. ಇಲ್ಲಿ ದೋಣಿ ರಿಪೇರಿ ಅಂಗಳದಲ್ಲಿ ಭಾವಮೈದುನ ಕೆಲಸ ಕೊಡಿಸಿದ. ಅಲ್ಲಿ ನಡೆದದ್ದು ಇಲ್ಲಿನ ಯಜಮಾನರಿಗೆ ಇನ್ನೂ ಗೊತ್ತಿಲ್ಲ.

ವರ್ಷಿಣಿಗೆ ಕೈಯಲ್ಲಿ ಸ್ಪರ್ಶ ಬಂದಿದೆಯಾ ತಿಳಿಸಿ.

ಯೋಗೇಂದ್ರ


ಜಯಲಕ್ಷ್ಮಿಪುರಂ
೨೫ ಆಗಸ್ಟ್ ೨೦೨೫

ಯೋಗೇಂದ್ರ ಅವರಿಗೆ,

ನಿಮ್ಮ ಪತ್ರದಿಂದ ನನ್ನ ಸಿಟ್ಟು ಇಳಿಯಲಿಲ್ಲ, ದಿಕ್ಕು ಬದಲಾಯಿತು ಅಷ್ಟೇ. ತಂತಿ ಗಟ್ಟಿಯಾಗಿತ್ತು ಎನ್ನುತ್ತೀರಿ, ಆದರೂ ತಪ್ಪು ನನ್ನದು ಎನ್ನುತ್ತೀರಿ. ನಲವತ್ತು ವರ್ಷ ಪುಸ್ತಕಗಳ ನಡುವೆ ಬದುಕಿದವಳು ನಾನು. ಒಂದು ಪುಟ ಕಿತ್ತುಹೋದ ಪುಸ್ತಕ ಕೈಗೆ ಬಂದರೆ ತೂಕದಲ್ಲೇ ಗೊತ್ತಾಗುತ್ತದೆ. ನೀವು ಏನನ್ನೋ ಮುಚ್ಚಿಟ್ಟು ಬರೆದಿದ್ದೀರಿ.

ಸಂಘದ ಕಾರ್ಯದರ್ಶಿ ಅಭಿಲಾಷ್ ಮೊನ್ನೆ ಮನೆಗೆ ಬಂದಿದ್ದರು. ಸೇಬು ತಂದಿದ್ದರು. "ಮೇಡಂ, ಆ ತಂತಿಯವನದೇ ತಪ್ಪು ಅಂತ ಕ್ಲಿಯರ್ ಆಗಿದೆ, ನೀವ್ಯಾಕೆ ತಲೆ ಕೆಡಿಸ್ಕೋತೀರಿ, ಬಿಡಿ" ಎಂದರು. ದೋಣಿಯಲ್ಲಿ ಎಷ್ಟು ಜನರಿದ್ದರು ಎಂದು ಕೇಳಿದೆ. "ಮೂರು" ಎಂದು ಕಿಟಕಿಯಾಚೆ ನೋಡಿದರು.

ಮೂರು! ಇಬ್ಬರ ದೋಣಿಗೆ ಮೂರು ಜನ ಹತ್ತಿದ್ದು ಯಾರ ಬುದ್ಧಿ? ನಿಮ್ಮದೋ? ನಿಮಗೆ ಈ ದೋಣಿಯ ವಿಷಯ ಕಲಿಸಿದವರು ಯಾರು? ತಂತಿ ಒತ್ತುವ ಕೈಗೆ ನೀರಿನ ಮೇಲೆ ಜನರನ್ನು ಹತ್ತಿಸುವ ಅಧಿಕಾರ ಬಂದದ್ದು ಹೇಗೆ? ಓದಿಕೊಂಡವನು ಎಂದು ನಂಬಿದ್ದೆ. ಓದಿದ್ದನ್ನು ಹೀಗೆ ಬಳಸಿದಿರಲ್ಲ ಎಂಬುದೇ ನನ್ನ ಸಂಕಟ. ಅರ್ಧ ತಿಳಿದವರಿಂದ ಆಗುವ ಅನಾಹುತ ಏನೂ ತಿಳಿಯದವರಿಂದ ಆಗುವುದಿಲ್ಲ.

ಯಾರು ಹೇಳಿಕೊಟ್ಟರು ಎಂಬುದನ್ನು ಹೆಸರು ಸಮೇತ ಬರೆಯಿರಿ. ಸ್ಪರ್ಶ ಬಂದಿಲ್ಲ.

ಗಿರಿಜಾಂಬಾ


ವಾಸ್ಕೋ
೧೪ ಸೆಪ್ಟೆಂಬರ್ ೨೦೨೫

ಮೇಡಂ ಅವರಿಗೆ ನಮಸ್ಕಾರ.

ಉತ್ತರ ತಡವಾಯಿತು. ಮೂರು ಸಲ ಬರೆದು ಹರಿದುಹಾಕಿದೆ.

ಆ ದಿನ ನಡೆದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಆಷಾಢದ ಗಾಳಿ ಹೇಗಿರುತ್ತದೆ ನಿಮಗೆ ಗೊತ್ತು. ಬೆಳಿಗ್ಗೆ ಎರಡು ದೋಣಿ ಆಗಲೇ ಮಗುಚಿಕೊಂಡಿದ್ದವು. ದಿಲೀಪ್ ಚುಕ್ಕಾಣಿ ಹಿಡಿಯುವವನು, ವರ್ಷಿಣಿ ಹೊರಗೆ ವಾಲುವವಳು. ಇಬ್ಬರೂ ಸಣ್ಣ ಮೈಯವರು. ಭಾನುವಾರ ತಂತಿ ಬಿಗಿಯಲಿಕ್ಕೆ ಹೋಗುತ್ತಿದ್ದ ನಾನು ದೋಣಿ ನೀರಿಗಿಳಿಸುವುದನ್ನೂ ನೋಡಿಕೊಳ್ಳುತ್ತಿದ್ದೆ. ನಮ್ಮ ಸಂಘದಲ್ಲಿ ಎರಡು ವರ್ಷದಿಂದ ಒಂದು ಪದ್ಧತಿ ಇತ್ತು. ಗಾಳಿ ಜೋರಾದ ದಿನ ಕ್ಯಾಂಟೀನಿನ ಮಹದೇವಣ್ಣನನ್ನು ಕರೆದು ದೋಣಿಯಲ್ಲಿ ಕೂರಿಸುವುದು. ಅವನು ತೊಂಬತ್ತೆಂಟು ಕಿಲೋ. ಅವನಿದ್ದರೆ ದೋಣಿ ಅಲುಗಾಡುವುದಿಲ್ಲ ಅಂತ ಎಲ್ಲರಿಗೂ ಧೈರ್ಯ.

"ಮಾದೇವಣ್ಣ, ಗಾಳಿ ಬಂತು, ಬಾ" ಅಂತ ಕೂಗಿದೆ.

"ಸಾಂಬಾರು ಒಲೆ ಮ್ಯಾಲದೆ ಕಣೋ. ನಾನೇನ್ ಮನ್ಷನೋ, ಮರಳ್ ಮೂಟೆನೋ?" ಅಂತ ಸೌಟು ಹಿಡಿದುಕೊಂಡೇ ಬಂದ.

ವರ್ಷಿಣಿ ನಗುತ್ತಾ, "ಅಣ್ಣ, ನೀವ್ ಸುಮ್ನೆ ಕೂತ್ಕೊಂಡ್ಬುಡಿ, ಮಿಕ್ಕಿದ್ದು ನಾವ್ ನೋಡ್ಕೋತೀವಿ. ಸೌಟ್ ಮಾತ್ರ ದಡದಲ್ಲಿ ಬುಟ್ಟು ಬನ್ನಿ" ಅಂದಳು.

ಅವಳಿಗೆ ಒಂದು ಕ್ಷಣ ಅನುಮಾನ ಬಂದಿತ್ತು ಮೇಡಂ. "ಯೋಗಣ್ಣ, ಮೂರ್ ಜನ ಆದ್ರೆ ಏನೂ ಆಗಲ್ವಾ?" ಅಂತ ಕೇಳಿದಳು. "ಭಾರ ಇದ್ದಷ್ಟೂ ಒಳ್ಳೇದು ಕಣಮ್ಮ, ಹತ್ತು" ಅಂದೆ. ದೋಣಿಯನ್ನು ನೂಕಿದೆ. ಹತ್ತು ನಿಮಿಷ ಚೆನ್ನಾಗಿ ಹೋಯಿತು. ಗಾಳಿ ಎಷ್ಟು ಹೊಡೆದರೂ ಮಗುಚಲಿಲ್ಲ. ದಡದಲ್ಲಿ ಚಪ್ಪಾಳೆ ಹೊಡೆಯುತ್ತಿದ್ದೆವು. ಆಮೇಲೆ ಪಟಾಕಿಯ ಹಾಗೆ ಒಂದು ಸದ್ದು.

ಇಲ್ಲಿ ಅಂಗಳದಲ್ಲಿ ಮೂವತ್ತು ವರ್ಷದಿಂದ ಕಂಬ ನಿಲ್ಲಿಸುವ ಒಬ್ಬರು ಹಿರಿಯರಿದ್ದಾರೆ. ಊರು, ಹೆಸರು ಹೇಳದೆ ಅವರನ್ನು ಕೇಳಿದೆ. ಅವರು ನನ್ನ ಮುಖ ನೋಡಿ ಹೇಳಿದರು: "ಸಣ್ಣ ದೋಣಿ ಮಗುಚಿಕೊಳ್ಳುವುದು ತನ್ನನ್ನು ಉಳಿಸಿಕೊಳ್ಳಲಿಕ್ಕೆ. ಗಾಳಿ ಜಾಸ್ತಿಯಾದರೆ ಪಕ್ಕಕ್ಕೆ ಮಲಗುತ್ತದೆ, ಹಾಯಿಯ ಗಾಳಿ ಖಾಲಿಯಾಗುತ್ತದೆ, ಜನ ನೀರಿಗೆ ಬಿದ್ದು ನಗುತ್ತಾ ಏಳುತ್ತಾರೆ. ನೀನು ಭಾರ ಹೇರಿ ಅದನ್ನು ಮಲಗಲಿಕ್ಕೆ ಬಿಡದಿದ್ದರೆ ಗಾಳಿಯ ಬಲ ಎಲ್ಲಿಗೆ ಹೋಗಬೇಕು? ತಂತಿಗೆ. ತಂತಿ ಎಷ್ಟು ಅಂತ ತಡೆಯುತ್ತದೆ?"

ಅವತ್ತು ನಾನು ಊಟ ಮಾಡಲಿಲ್ಲ.

ಇನ್ನೊಂದು ವಿಷಯ. ಕುಣಿಕೆ ಕಿತ್ತು ಬಂದಿಲ್ಲ. ತಂತಿ ತುಂಡಾದದ್ದು ಕುಣಿಕೆಗಿಂತ ಒಂದು ಗೇಣು ಮೇಲೆ, ನಡುವೆಯೇ. ಆ ತುಂಡು ವರ್ಷಿಣಿಯ ತಾಯಿ ನಾಗಮಣಿಯಕ್ಕನ ಹತ್ತಿರ ಇದೆ, ಮಗಳ ಬಟ್ಟೆಯ ಜೊತೆ ಬಂದಿತ್ತಂತೆ. ಇದನ್ನು ನನ್ನನ್ನು ಉಳಿಸಿಕೊಳ್ಳಲಿಕ್ಕೆ ಬರೆಯುತ್ತಿಲ್ಲ. ಹತ್ತು ಅಂದವನು ನಾನೇ.

ಯಾರು ಹೇಳಿಕೊಟ್ಟರು ಅಂತ ಮಾತ್ರ ಕೇಳಬೇಡಿ.

ಯೋಗೇಂದ್ರ


ಜಯಲಕ್ಷ್ಮಿಪುರಂ
೨೧ ಸೆಪ್ಟೆಂಬರ್ ೨೦೨೫

ಯೋಗೇಂದ್ರ ಅವರಿಗೆ,

ಕೇಳಬೇಡಿ ಎಂದ ಕೂಡಲೇ ನನಗೆ ಅರ್ಥವಾಯಿತು. ಅಭಿಲಾಷ್ ಅಲ್ಲವೇ? ಅವರು ಹೇಳಿಕೊಟ್ಟರು, ಈಗ ಬಾಯಿ ಮುಚ್ಚಿಸಿದ್ದಾರೆ. ನೀವು ಹೆದರಿದ್ದೀರಿ. ಪರವಾಗಿಲ್ಲ, ನಾನು ಹೆದರುವುದಿಲ್ಲ. ನಾಳಿದ್ದು ಕುಂಬಾರಕೊಪ್ಪಲಿಗೆ ಹೋಗಿ ಆ ತುಂಡನ್ನು ಕಣ್ಣಾರೆ ನೋಡಿ, ವರ್ಷಿಣಿಯ ಬಾಯಿಂದಲೇ ಕೇಳಿ ಬರುತ್ತೇನೆ. ಆ ಪದ್ಧತಿ ಎಲ್ಲಿಂದ ಬಂತು ಎಂದು ಅವಳೇ ಹೇಳಲಿ. ಹೇಳಿದವರ ಹೆಸರನ್ನು ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಹಾಕಿಸದಿದ್ದರೆ ನಾನು ಗಿರಿಜಾಂಬಾ ಅಲ್ಲ.

ಗಿ.


ಜಯಲಕ್ಷ್ಮಿಪುರಂ
೩ ಅಕ್ಟೋಬರ್ ೨೦೨೫

ಯೋಗೇಂದ್ರ,

ಕುಂಬಾರಕೊಪ್ಪಲಿಗೆ ಹೋಗಿಬಂದೆ. ತುಂಡು ನೋಡಿದೆ. ನೀನು ಹೇಳಿದ ಹಾಗೇ ಇದೆ, ಕುಣಿಕೆ ಗಟ್ಟಿಯಾಗಿದೆ. ನಾಗಮಣಿ ಚೆನ್ನಾಗಿ ಮಾತಾಡಿಸಿದರು. ವರ್ಷಿಣಿ ಎಡಗೈಯಲ್ಲಿ ಬರೆಯುವುದನ್ನು ಕಲಿಯುತ್ತಿದ್ದಾಳೆ.

ದಸರಾ ಗಲಾಟೆಯಲ್ಲಿ ಪತ್ರ ಬರೆಯಲು ಆಗಲಿಲ್ಲ. ನನಗೂ ಸ್ವಲ್ಪ ಮೈ ಸರಿ ಇಲ್ಲ. ಅಲ್ಲಿ ಮಳೆ ನಿಂತಿತೇ? ಮಾದೇವಮ್ಮನವರು ಸೌಖ್ಯ.

ಉಳಿದದ್ದು ಮುಂದೆ ಯಾವಾಗಲಾದರೂ.

ಗಿರಿಜಾಂಬಾ


ವಾಸ್ಕೋ
೧೩ ಅಕ್ಟೋಬರ್ ೨೦೨೫

ಮೇಡಂ ಅವರಿಗೆ ನಮಸ್ಕಾರ.

ವರ್ಷಿಣಿ ಫೋನ್ ಮಾಡಿದ್ದಳು. "ಯೋಗಣ್ಣ, ಗಿರಿಜಾಂಬಾ ಆಂಟಿ ಬಂದಿದ್ರು. ಯಾರು ಹೇಳಿದ್ದು, ಯಾರು ಹೇಳಿದ್ದು ಅಂತ ಕೇಳಿದ್ರು. ಯಾರೂ ಹೇಳಿಲ್ಲ ಆಂಟಿ, ಕೈಪಿಡೀಲೇ ಐತಲ್ಲ, ಎಂಟನೇ ಪುಟ, ನೀವೇ ಬರ್ದಿರೋದು ಅಂತ ತೆಗ್ದು ತೋರಿಸ್ದೆ. ಕಾಫಿ ಅರ್ಧ ಬುಟ್ಟು ಎದ್ದು ಹೋಗ್ಬುಟ್ರು. ನಾನ್ ಏನಾರ ತಪ್ಪು ಮಾತಾಡಿದ್ನಾ?" ಅಂತ ಅಳುತ್ತಿದ್ದಳು. ನೀನೇನೂ ತಪ್ಪು ಮಾತಾಡಿಲ್ಲ ಕಣಮ್ಮ ಅಂದೆ.

ಇದಕ್ಕೇ ಮೇಡಂ ಕೇಳಬೇಡಿ ಅಂದದ್ದು. ಅಭಿಲಾಷ್ ಸಾರ್ ನನಗೆ ಏನೂ ಹೇಳಿಕೊಟ್ಟಿಲ್ಲ. ಆ ಕೈಪಿಡಿ ನನಗೆ ಬಾಯಿಪಾಠ ಇತ್ತು. "ಹೆಚ್ಚು ಭಾರದವರು ಹತ್ತಿದಷ್ಟೂ ದೋಣಿ ಮಗುಚುವುದು ಕಡಿಮೆ." ಅದನ್ನು ಓದಿಯೇ ಮಹದೇವಣ್ಣನನ್ನು ಕೂರಿಸುವ ಉಪಾಯ ನನಗೆ ಹೊಳೆದದ್ದು. ನೀವು ಬರೆದದ್ದು, ಎಂದಾದರೂ ತಪ್ಪಾಗುತ್ತದಾ ಅಂದುಕೊಂಡಿದ್ದೆ. ಇಲ್ಲಿಯ ಹಿರಿಯರು ಹೇಳಿದ ಮೇಲೆ ಗೊತ್ತಾಯಿತು. ಆದರೂ ನೀವು ಬೇಕಂತ ಬರೆದಿರಲಿಕ್ಕಿಲ್ಲ. ಇಂಗ್ಲಿಷ್ ಪುಸ್ತಕದಲ್ಲೇ ಹಾಗಿತ್ತೋ ಏನೋ ಅಂದುಕೊಂಡೆ.

ಈಗ ಸಮಿತಿಯವರು ಕಾಗದ ಕಳಿಸಿದ್ದಾರೆ. ನವೆಂಬರ್ ಎರಡಕ್ಕೆ ಮೈಸೂರಿಗೆ ಬಂದು ಸಹಿ ಹಾಕಬೇಕಂತೆ. "ಕುಣಿಕೆಯ ಕಳಪೆ ಕೆಲಸದಿಂದ ಅಪಘಾತವಾಯಿತು" ಅಂತ ಅದರಲ್ಲಿದೆ. ಹಾಕಿದರೆ ಇಲ್ಲಿಗೆ ಮುಗಿಸುತ್ತೇವೆ, ಪೊಲೀಸು ಗಿಲೀಸು ಬೇಡ ಅಂದಿದ್ದಾರೆ. ಆ ಕಾಗದ ಹೊರಗೆ ಬಂದರೆ ಮಂಡಿ ಮೊಹಲ್ಲಾದಲ್ಲಿ ಇನ್ನು ನನ್ನ ಕೈಯಿಂದ ಯಾರೂ ಒಂದು ಬ್ರೇಕ್ ತಂತಿಯನ್ನೂ ಹಾಕಿಸಿಕೊಳ್ಳುವುದಿಲ್ಲ. ಇಲ್ಲೂ ಕೆಲಸ ಉಳಿಯುವುದಿಲ್ಲ. ಆದರೂ ಹಾಕಿಬಿಡುತ್ತೇನೆ. ಆ ಹುಡುಗಿ ಕೇಳಿದಾಗ ಹತ್ತು ಅಂದೆನಲ್ಲ. ಯಾವುದೋ ಒಂದು ಕಾಗದದಲ್ಲಿ ನನ್ನ ಹೆಸರು ಇರಲೇಬೇಕು.

ನೀವು ಮೈ ನೋಡಿಕೊಳ್ಳಿ.

ಯೋಗೇಂದ್ರ


ಜಯಲಕ್ಷ್ಮಿಪುರಂ
೨೦ ಅಕ್ಟೋಬರ್ ೨೦೨೫

ಯೋಗೇಂದ್ರ,

ಸಹಿ ಹಾಕಬೇಡ.

ಇಂಗ್ಲಿಷ್ ಪುಸ್ತಕದಲ್ಲಿ ಹಾಗಿರಲಿಲ್ಲ. ದೋಣಿ ಮಾಡಿದವರು ಬರೆದದ್ದು ಹೀಗೆ: "ಹೆಚ್ಚು ಭಾರದವರು ಹತ್ತಿದಷ್ಟೂ ದೋಣಿ ಮಗುಚುವುದು ಕಡಿಮೆ. ಆದ್ದರಿಂದಲೇ ಗಾಳಿಯ ಒತ್ತಡವೆಲ್ಲ ಕಂಬಕ್ಕೂ ತಂತಿಗಳಿಗೂ ಬಿದ್ದು ಅವು ತುಂಡಾಗಬಹುದು. ಇಬ್ಬರಿಗಿಂತ ಹೆಚ್ಚು ಜನ ಹತ್ತಬಾರದು. ಒಟ್ಟು ತೂಕ ನೂರ ಅರವತ್ತೈದು ಕಿಲೋ ಮೀರಬಾರದು." ಮೊದಲ ವಾಕ್ಯ ಮಾತ್ರ ಎಂಟನೆಯ ಪುಟದಲ್ಲಿ ಉಳಿಯಿತು. ಉಳಿದದ್ದನ್ನು ತೆಗೆದವಳು ನಾನು. ನಾನು ಗುರುತುಹಾಕಿದ ಮೂಲದ ನಕಲು ನನ್ನ ಕಪಾಟಿನಲ್ಲೇ ಇದೆ. ಅಂದು ಕುಂಬಾರಕೊಪ್ಪಲಿನಿಂದ ನಡೆದೇ ಬಂದೆ, ಆಟೋ ಹತ್ತಬೇಕೆಂದೂ ತೋಚಲಿಲ್ಲ. ಬಂದವಳೇ ತೆಗೆದು ನೋಡಿದೆ. ಕೆಂಪು ಗೆರೆ ನನ್ನದೇ, ಎಳೆದದ್ದನ್ನೇ ಮರೆತಿದ್ದೆ.

ಆಗ ನಡೆದದ್ದನ್ನೂ ಹೇಳಬೇಕು. ತೂಕದ ಅಂಕಿಗಳು ಕೈಪಿಡಿಯಲ್ಲಿ ಬೇಡ, ದಡದಲ್ಲಿ ದೊಡ್ಡ ಬೋರ್ಡು ಹಾಕಿಸುತ್ತೇವೆ ಎಂದವರು ಅಭಿಲಾಷ್. "ಕಂಬ ಮುರಿಯುತ್ತೆ, ತಂತಿ ಹರಿಯುತ್ತೆ ಅಂತೆಲ್ಲ ಬರೆದ್ರೆ ಯಾವ ತಾಯಿ ಮಕ್ಕಳನ್ನ ಕಳಿಸ್ತಾಳೆ ಮೇಡಂ?" ಎಂದರು. ಅದು ಅವರ ಮಾತು. ಆದರೆ ಅವರು ನನ್ನ ಕೈ ಹಿಡಿದು ಗೆರೆ ಎಳೆಸಲಿಲ್ಲ. ಏಳು ಪತ್ರ ಬರೆದು ಬಾಗಿಲು ತೆಗೆಸಿದ್ದೆ. ಆ ಬಾಗಿಲಲ್ಲಿ ನಾಗಮಣಿಯಂಥ ತಾಯಂದಿರು ಹೆದರಿ ಹಿಂದಕ್ಕೆ ಹೋದರೆ ನಾನು ಗೆದ್ದದ್ದು ಎಲ್ಲಿ ಉಳಿಯುತ್ತದೆ? ನನಗೆ ಮಕ್ಕಳು ಬರಬೇಕಿತ್ತು. ಧೈರ್ಯ ಕೊಡುವ ವಾಕ್ಯವನ್ನು ಇಟ್ಟುಕೊಂಡೆ, ಹೆದರಿಸುವುದನ್ನು ತೆಗೆದೆ. ಬೋರ್ಡು ಹಾಕಿದರೋ ಇಲ್ಲವೋ ಎಂದು ಆಮೇಲೆ ಒಂದು ದಿನವೂ ಹೋಗಿ ನೋಡಲಿಲ್ಲ. ಊರಿನ ಪ್ರತಿ ಗುಂಡಿಗೂ ಪತ್ರ ಬರೆಯುವ ನಾನು!

ಮೊನ್ನೆಯ ಪತ್ರದಲ್ಲಿ ಮಳೆಯ ವಿಷಯ ಕೇಳಿದೆ ನೋಡು, ಅದಕ್ಕೆ ನಾಚಿಕೆಯಾಗುತ್ತದೆ. ಅದನ್ನು ಬರೆಯುವ ಮೊದಲು ಹತ್ತು ದಿನ ಕೆಂಪು ಗೆರೆಯ ಆ ಹಾಳೆಯನ್ನು ಮೇಜಿನ ಮೇಲಿಟ್ಟುಕೊಂಡು, ನೀನು ಒಪ್ಪಿಕೊಂಡಿದ್ದೀಯಲ್ಲ, ಹೇಗೂ ಮುಗಿಯುತ್ತದೆಯಲ್ಲ ಎಂದುಕೊಂಡೆ. ಹೌದು, ಅಂದುಕೊಂಡೆ. ನಿನಗೆ ಅರವತ್ತು ಕಾಗದ ಬರೆದರೂ ಅದು ಅಳಿಸುವುದಿಲ್ಲ. ನಿನ್ನ ಪತ್ರ ಬರದೇ ಇದ್ದಿದ್ದರೆ ನಾನು ಸುಮ್ಮನಿದ್ದುಬಿಡುತ್ತಿದ್ದೆನೋ ಏನೋ, ನನಗೆ ಗೊತ್ತಿಲ್ಲ.

ನಿನ್ನೆ ನಾಗಮಣಿಯ ಮನೆಗೆ ಹೋಗಿ ಹೇಳಿದೆ. ಆಕೆ, "ನಿಮ್ ಮುಖ ನೋಡಿ ಕಳ್ಸಿದ್ದೆ ಕಣ್ರಮ್ಮ, ಬುಕ್ ನೋಡಿ ಅಲ್ಲ. ನನಗೆಲ್ಲಿ ಓದಕ್ಕೆ ಬತ್ತದೆ" ಎಂದರು. ವರ್ಷಿಣಿ ಒಳಗಿಂದ ಹೊರಗೆ ಬರಲಿಲ್ಲ.

ನೀನು ಹತ್ತು ಅಂದದ್ದು ನಿಜ. ಅದನ್ನು ನೀನೇ ಅವಳಿಗೆ ಹೇಳಬೇಕು, ಹೇಳು. ಆದರೆ ಕುಣಿಕೆಯ ಸುಳ್ಳಿಗೆ ಸಹಿ ಹಾಕಿದರೆ ನನ್ನನ್ನು ಬಚ್ಚಿಟ್ಟ ಹಾಗಾಗುತ್ತದೆ. ನಾಳೆ ಬೇರೆ ಊರಿನಲ್ಲಿ ಬೇರೆ ಯಾವ ಹುಡುಗಿಯೋ ಗಟ್ಟಿ ಕುಣಿಕೆ ನಂಬಿಕೊಂಡು ಮೂರನೆಯವಳಾಗಿ ಹತ್ತುತ್ತಾಳೆ. ನನ್ನ ಕೈಪಿಡಿಯನ್ನು ಇನ್ನೂ ಮೂರು ಸಂಘಗಳು ಅಚ್ಚು ಹಾಕಿಸಿಕೊಂಡಿವೆ. ಅವಕ್ಕೆ ಇವತ್ತೇ ಬರೆದಿದ್ದೇನೆ.

ಇದರ ಜೊತೆ ಮೂಲದ ಪುಟದ ನಕಲು ಇಟ್ಟಿದ್ದೇನೆ. ನಿನ್ನ ಯಜಮಾನರಿಗೆ ತೋರಿಸು, ಅವರು ಬೇರೆಯವರಿಂದ ಕೇಳುವ ಮೊದಲು.

ಗಿರಿಜಾಂಬಾ


ಜಯಲಕ್ಷ್ಮಿಪುರಂ, ಮೈಸೂರು
೨೬ ಅಕ್ಟೋಬರ್ ೨೦೨೫

ಹಾಯಿದೋಣಿ ಸಂಘದ ಕಾರ್ಯದರ್ಶಿ ಅಭಿಲಾಷ್ ಅವರಿಗೆ ಮತ್ತು ಎಲ್ಲ ಸದಸ್ಯರಿಗೆ ಬಹಿರಂಗ ಪತ್ರ
(ಪ್ರತಿಗಳು: ಊರಿನ ಪತ್ರಿಕೆಗಳಿಗೆ, ಕುಂಬಾರಕೊಪ್ಪಲಿನ ನಾಗಮಣಿ ಅವರಿಗೆ, ವಾಸ್ಕೋದಲ್ಲಿರುವ ಯೋಗೇಂದ್ರ ಅವರಿಗೆ)

ಮಾನ್ಯರೇ,

ನಿಮ್ಮ ಕನ್ನಡ ಕೈಪಿಡಿಯನ್ನು ಬರೆದವಳು ನಾನು. ಅದರ ಎಂಟನೆಯ ಪುಟದಲ್ಲಿ ದೋಣಿಯ ಭಾರದ ಬಗ್ಗೆ ಇದ್ದ ಎಚ್ಚರಿಕೆಯನ್ನು ತೆಗೆದುಹಾಕಿದವಳೂ ನಾನು. ಗೊತ್ತಿದ್ದೇ ತೆಗೆದೆ. ಅದರಿಂದಾಗಿ ನಿಮ್ಮ ಸಂಘದಲ್ಲಿ ಎರಡು ವರ್ಷ ಗಾಳಿಯ ದಿನಗಳಲ್ಲಿ ಮೂರನೆಯವರನ್ನು ಕೂರಿಸಲಾಯಿತು. ಜುಲೈ ಹದಿಮೂರರಂದು ನೂರ ಅರವತ್ತೈದು ಕಿಲೋ ಮಿತಿಯ ದೋಣಿಯಲ್ಲಿ ಇನ್ನೂರ ಇಪ್ಪತ್ನಾಲ್ಕು ಕಿಲೋ ಭಾರವಿತ್ತು. ಮಗುಚಿಕೊಳ್ಳಬೇಕಿದ್ದ ದೋಣಿ ಮಗುಚಿಕೊಳ್ಳಲಿಲ್ಲ. ತಂತಿ ಹರಿಯಿತು. ಒಬ್ಬಳ ಕೈ ಹೋಯಿತು. ವರ್ಷಿಣಿಯ ಮತ್ತು ಅವಳ ತಾಯಿಯ ಕ್ಷಮೆ ಕೇಳಿದ್ದೇನೆ. ಅವರು ಕೊಟ್ಟಿಲ್ಲ. ಕೊಡಬೇಕೆಂದೂ ಇಲ್ಲ.

ಯೋಗೇಂದ್ರ ಒತ್ತಿದ ಕುಣಿಕೆ ಕಿತ್ತು ಬಂದಿಲ್ಲ. ಅದನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ನೀವು ಯಾರೂ ನೋಡಿಲ್ಲ, ಏಕೆಂದರೆ ಮೂರು ತಿಂಗಳಲ್ಲಿ ನಿಮ್ಮ ಸಮಿತಿಯ ಒಬ್ಬರೂ ಕುಂಬಾರಕೊಪ್ಪಲಿನ ಆ ಮನೆಯ ಬಾಗಿಲು ತಟ್ಟಿಲ್ಲ. ನೋಡದ ಕುಣಿಕೆಯ ಬಗ್ಗೆ ವರದಿ ಸಿದ್ಧಮಾಡಿ ಒಬ್ಬ ಕೆಲಸಗಾರನಿಗೆ ಸಹಿ ಹಾಕು ಎಂದಿದ್ದೀರಿ. ಅವರು ಸಹಿ ಹಾಕುವುದಿಲ್ಲ.

ನನ್ನ ತಪ್ಪನ್ನು ಮುಂದಿಟ್ಟು ನಿಮ್ಮದನ್ನು ಹಿಂದಕ್ಕೆ ಸರಿಸಬೇಡಿ. ದಡದಲ್ಲಿ ತೂಕದ ಬೋರ್ಡು ಹಾಕಿಸುತ್ತೇವೆ ಎಂದು ಕಾರ್ಯದರ್ಶಿಗಳು ನನ್ನ ಮನೆಯಲ್ಲಿ ಕೂತು ಹೇಳಿದ್ದರು. ಮೊನ್ನೆ ಹೋಗಿ ನೋಡಿದೆ, ಇವತ್ತಿಗೂ ಇಲ್ಲ. ಕ್ಯಾಂಟೀನಿನ ಮಹದೇವಣ್ಣನವರನ್ನು ಒಲೆಯ ಮುಂದಿನಿಂದ ಎಬ್ಬಿಸಿ ದೋಣಿಗೆ ಹತ್ತಿಸುವಾಗ ನಿಮ್ಮ ತರಬೇತುದಾರರು, ಪದಾಧಿಕಾರಿಗಳು ದಡದಲ್ಲೇ ಇದ್ದರು. ಇಂಗ್ಲಿಷ್ ಪುಸ್ತಕ ನಿಮ್ಮ ಕಚೇರಿಯ ಬೀರುವಿನಲ್ಲಿದೆ. ಅದನ್ನು ಓದಬಲ್ಲವರು ನಿಮ್ಮಲ್ಲಿ ನೂರು ಜನರಿದ್ದೀರಿ. ಕನ್ನಡದಲ್ಲಿ ಓದಿದವರು ಮಾತ್ರ ಮೋಸಹೋದರು, ಯೋಗೇಂದ್ರ ಮತ್ತು ವರ್ಷಿಣಿ. ಇದು ನನ್ನನ್ನು ಎಷ್ಟು ಚುಚ್ಚುತ್ತದೋ ನಿಮ್ಮನ್ನೂ ಅಷ್ಟು ಚುಚ್ಚಲಿ.

ನವೆಂಬರ್ ಎರಡರ ಗುಟ್ಟಿನ ಸಭೆಯನ್ನು ರದ್ದು ಮಾಡಿ. ಒಂಬತ್ತರ ಭಾನುವಾರ ಬೆಳಿಗ್ಗೆ, ದಡದಲ್ಲಿ, ಎಲ್ಲರಿಗೂ ತೆರೆದ ಸಭೆ ಕರೆಯಿರಿ. ಮೊದಲು ನಾನು ಎದ್ದು ನಿಂತು ನನ್ನ ಪಾಲನ್ನು ಹೇಳುತ್ತೇನೆ. ಆಮೇಲೆ ನೀವು ಹೇಳಬೇಕು: ಬೋರ್ಡು ಏಕೆ ಹಾಕಲಿಲ್ಲ? ಮೂರನೆಯವರು ಹತ್ತುವುದನ್ನು ಎರಡು ವರ್ಷ ನೋಡಿಯೂ ಸುಮ್ಮನಿದ್ದವರು ಯಾರು ಯಾರು? ನೋಡದ ಕುಣಿಕೆಯ ಮೇಲೆ ತಪ್ಪು ಹೊರಿಸಿ ಎಂದು ಸಮಿತಿಗೆ ಸೂಚಿಸಿದವರು ಯಾರು? ಸಂಘದ ಹೆಸರಿನಲ್ಲಿ ಅಲ್ಲ, ನಿಮ್ಮ ನಿಮ್ಮ ಹೆಸರಿನಲ್ಲಿ, ಕನ್ನಡದಲ್ಲಿ, ವರ್ಷಿಣಿಯ ಎದುರಿಗೆ ನಿಂತು ಉತ್ತರ ಕೊಡಿ.

ಗಿರಿಜಾಂಬಾ